ಒಂದು ಕ್ಯಾನಿನ ಗಾಳಿ

ಬಾಳೇಶ ಸತ್ತ ವಾರದಲ್ಲಿ ಸಿದ್ಧಾರೂಢ ಎರಡು ಸಲ ಭೀಮಶಿಯ ಮನೆಗೆ ಬಂದ. ಎರಡು ಸಲವೂ ಕೈಯಲ್ಲಿ ಎಳನೀರಿನ ಗೊಂಚಲು. ಭೀಮಶಿಯ ತಂಗಿ ರೇಣುವಿಗೆ ಅದು ಸರಿ ಕಾಣಲಿಲ್ಲ.

ಸಿದ್ಧಾರೂಢನದು ಎಂ.ಕೆ. ಹುಬ್ಬಳ್ಳಿಯ ಹೊರಗೆ ಬೆಲ್ಲದ ಕಾರ್ಖಾನೆ. ಹಂಗಾಮು ಶುರುವಾಗಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ನಿಂತಿರುವ ಹೊತ್ತಿನಲ್ಲಿ, ಆ ಸಾಲನ್ನೆಲ್ಲ ದಾಟಿ ಬೈಲಹೊಂಗಲದವರೆಗೆ ಕಾರು ಓಡಿಸಿಕೊಂಡು ಬಂದು, ನೀರಿನ ಟಾಕಿ ತೊಳೆಯುವ ಗುತ್ತಿಗೆದಾರ ಭೀಮಶಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬುದ್ಧನ ಮೂರ್ತಿ ಇಟ್ಟ ಮೇಜಿನ ಪಕ್ಕ ಕೂತು ಚಹಾ ಕುಡಿದು ಹೋಗುತ್ತಾನೆ. ಇದೇ ಮನುಷ್ಯ ಹೋದ ವರ್ಷ ಭೀಮಶಿಯನ್ನು ಗೇಟಿನ ಹೊರಗೇ ನಿಲ್ಲಿಸಿ ಮಾತಾಡಿದ್ದ. ಅಲ್ಲಿ ಕೆಲಸದವರಿಗೆ ಕೊಡುವ ನೀರಿನ ಲೋಟ ಬೇರೆ, ಭೀಮಶಿಗೆ ಕೊಡುವ ಲೋಟ ಬೇರೆ. ಈಗ ಏಕಾಏಕಿ ಮನೆಯವನಂತೆ ಆಗಿಬಿಟ್ಟಿದ್ದ.

"ತಮ್ಮಾ, ಮನಸ್ಸಿಗೆ ಹಚ್ಚಿಕೋಬ್ಯಾಡ," ಎಂದು ಅವನು ಹಾಸಿಗೆಯ ಮೇಲಿದ್ದ ಭೀಮಶಿಯ ಭುಜ ತಟ್ಟಿದ. ಆಮೇಲೆ ಕಾಲೇಜಿನಿಂದ ಆಗಷ್ಟೇ ಬಂದಿದ್ದ ರೇಣುವಿನ ಕಡೆ ತಿರುಗಿದ. "ನೀವು ಕಲಿಸುವಾಕಿ ಅದೀರಿ, ನೀವs ಹೇಳ್ರಿ ಅಕ್ಕೋರ. ಬರೇ ಒಂದ ಕ್ಯಾನ್ ಆ್ಯಸಿಡ್. ಅದರಾಗ ಮನಷ್ಯಾ ಸಾಯ್ತಾನೇನ್ರಿ? ಬಾಳೇಶನ ಹೊಟ್ಟ್ಯಾಗ ಎಣ್ಣಿ ಇತ್ತು, ತಲಿ ತಿರುಗಿ ಟಾಕ್ಯಾಗ ಬಿದ್ದ. ಅಂವನ ಅಂಗಿ ಬಾಜೂಕs ಬಾಟ್ಲಿ ಸಿಕ್ಕೈತಿ."

ರೇಣು ಚೀಲವನ್ನು ಮೇಜಿನ ಮೇಲಿಟ್ಟಳು. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಅಣ್ಣ ಮಾಡುವ ಕೆಲಸದ ರಸಾಯನ ಅವಳಿಗೆ ಅಂಗೈಯ ಗೆರೆಯಷ್ಟು ಗೊತ್ತಿತ್ತು. ಈ ಸೀಮೆಯ ಬೋರ್‌ವೆಲ್ ನೀರು ಗಡಸು. ನೆಲದೊಳಗಿನ ದೊಡ್ಡ ಟಾಕಿಯಲ್ಲಿ ಅದನ್ನು ತುಂಬುತ್ತ ಹೋದರೆ ತಳದಲ್ಲಿ ಸುಣ್ಣದ ಗಟ್ಟಿ ಪದರ, ಹಕ್ಕಳಿಕೆ, ಕಟ್ಟುತ್ತದೆ. ಅದರ ಮೇಲೆ ಆ್ಯಸಿಡ್ ಹೊಯ್ದರೆ ನೊರೆ ಎದ್ದು ಹಕ್ಕಳಿಕೆ ಕರಗುತ್ತದೆ, ಆಮೇಲೆ ಮನುಷ್ಯ ಇಳಿದು ತಿಕ್ಕಿ ತೊಳೆಯಬೇಕು. ಆ ನೊರೆಯ ಜೊತೆ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಭಾರ. ಮುಚ್ಚಿದ ಟಾಕಿಯಿಂದ ಅದು ತಾನಾಗಿ ಹೊರಗೆ ಹೋಗುವುದಿಲ್ಲ. ಅದಕ್ಕೇ ಭೀಮಶಿ ಯಾವಾಗಲೂ ಒಂದು ಕ್ಯಾನ್ ಹೊಯ್ದು, ಬ್ಲೋವರ್ ಹಚ್ಚಿ ಒಳಗಿನ ಗಾಳಿ ತೆಗೆದು, ತಿಕ್ಕಿ, ಆಮೇಲೆ ಇನ್ನೊಂದು ಕ್ಯಾನಿಗೆ ಕೈ ಹಾಕುತ್ತಿದ್ದ. ಬಾಳೇಶ ಅವನ ಜೊತೆ ವರ್ಷಗಟ್ಟಲೆ ದುಡಿದವನು. ಅವನಿಗೂ ಅದು ರೂಢಿಯಾಗಿತ್ತು.

ಆ ದಿನ ಮಧ್ಯಾಹ್ನ ಸಿದ್ಧಾರೂಢನ ಕಾರ್ಖಾನೆಯ ಟಾಕಿಯಲ್ಲಿ ಬಾಳೇಶ ಏಣಿ ಹಿಡಿದು ಇಳಿದವನು ಕರೆದರೆ ಓಗೊಡಲಿಲ್ಲ. ಭೀಮಶಿ ಅವನ ಹಿಂದೆ ಅರ್ಧ ಏಣಿ ಇಳಿದು ಎಚ್ಚರ ತಪ್ಪಿದ. ಗೇಟಿನಲ್ಲಿ ಕಬ್ಬು ತಂದು ನಿಂತಿದ್ದ ಡ್ರೈವರುಗಳು ಹಗ್ಗ ಬಿಟ್ಟು ಭೀಮಶಿಯನ್ನು ಎಳೆದು ಹಾಕಿದರು. ಬಾಳೇಶನನ್ನು ತೆಗೆಯುವ ಹೊತ್ತಿಗೆ ಜೀವ ಹೋಗಿತ್ತು.

ಸಿದ್ಧಾರೂಢನ ಕಾರು ಓಣಿ ದಾಟಿದ ಮೇಲೆ ರೇಣು ಅಣ್ಣನ ಹತ್ತಿರ ಕೂತಳು.

"ಅಣ್ಣಾ, ಬಾಳೇಶ ಖರೇನ ಕುಡದಿದ್ದನೇನು?"

ಭೀಮಶಿ ಗೋಡೆಯ ಕಡೆ ಹೊರಳಿದ. "ನನಗೇನ ಗೊತ್ತು. ಬರೇ ಒಂದ ಕ್ಯಾನ್ ಆ್ಯಸಿಡ್. ಅದರಾಗ ಮನಷ್ಯಾ ಸಾಯ್ತಾನೇನು?"

ರೇಣುವಿಗೆ ಚುರುಕ್ ಎಂದಿತು. ಅದೇ ಮಾತು, ಅದೇ ಶಬ್ದಗಳು, 'ಬರೇ' ಎನ್ನುವಲ್ಲಿ ಅದೇ ಎಳೆತ. ಪರೀಕ್ಷೆಯಲ್ಲಿ ಎರಡು ಉತ್ತರ ಪತ್ರಿಕೆಗಳು ಒಂದೇ ತಪ್ಪಿನೊಂದಿಗೆ ಬಂದಾಗ ಅವಳಿಗೆ ಆಗುವ ಅನುಮಾನವೇ ಈಗ ಆಯಿತು. ಆದರೆ ಅದನ್ನು ಅಣ್ಣನ ಮೇಲೆ ಹಾಕಲು ಮನಸ್ಸು ಬರಲಿಲ್ಲ. ಸಿದ್ಧಾರೂಢ ಹೇಳಿಕೊಟ್ಟದ್ದನ್ನು ಇವನು ನಂಬಿದ್ದಾನೆ ಎಂದುಕೊಂಡಳು. ಅಣ್ಣನ ಕಣ್ಣು ತಪ್ಪಿಸಿ ಸಿದ್ಧಾರೂಢನೇ ಮತ್ತಷ್ಟು ಆ್ಯಸಿಡ್ ಸುರಿಸಿರಬೇಕು. ಎಳನೀರು ಅದಕ್ಕೇ.

ಮರುದಿನ ಬಾಳೇಶನ ಹೆಂಡತಿ ತಂಗೆವ್ವ ಚಚಡಿಯಿಂದ ಫೋನ್ ಮಾಡಿದಳು. ಗಂಡ ಸತ್ತ ಜಾಗ ಒಮ್ಮೆ ನೋಡಬೇಕು, ಅಲ್ಲಿ ಕರ್ಪೂರ ಹಚ್ಚಬೇಕು, ಒಬ್ಬಳೇ ಹೋದರೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದಳು.

"ನಾ ಬರ್ತೇನಿ," ಎಂದಳು ರೇಣು.

ಭೀಮಶಿಗೆ ಗೊತ್ತಾದಾಗ ಅವನ ಮುಖ ಬಿಳಿಚಿತು. "ಯಾಕ ಹೋಗ್ತಿ? ಅಲ್ಲಿ ನೋಡೂದೇನೈತಿ? ಪೊಲೀಸರು ನೋಡಿಕೊಂಡು ಹೋಗ್ಯಾರ."

"ತಂಗೆವ್ವ ಕರದಾಳ."

"ಆಕಿಗೆ ಹೇಳು, ಮುಂದ ಹೋಗೂಣು ಅಂತ."

ಅವನು ಬೇಡ ಎಂದಷ್ಟೂ ರೇಣುವಿಗೆ ಹೋಗಲೇಬೇಕೆನಿಸಿತು.

ಕಾರ್ಖಾನೆಯಲ್ಲಿ ಒಲೆಗಳು ಉರಿಯುತ್ತಿದ್ದವು. ಕುದಿಯುವ ಕಬ್ಬಿನ ಹಾಲಿನ ಸಿಹಿ ಕಮಟು ರಸ್ತೆಯವರೆಗೂ ಬರುತ್ತಿತ್ತು. ಟಾಕಿಯ ನೀರನ್ನು ಮುಟ್ಟಲು ಕೆಲಸದವರು ಒಪ್ಪಿರಲಿಲ್ಲ. ಸ್ವಾಮಿಗಳನ್ನು ಕರೆಸಿ ಶಾಂತಿ ಮಾಡಿಸುವ ತನಕ ಟ್ಯಾಂಕರಿನಲ್ಲಿ ನೀರು ತರಿಸಿ ನಡೆಸಿದ್ದರು. ಟಾಕಿ ಒಣಗಿ ಹಾಗೇ ಬಿದ್ದಿತ್ತು, ಮುಚ್ಚಳಕ್ಕೆ ಬೀಗ.

ಸಿದ್ಧಾರೂಢ ಹೊರಗೆ ಬಂದು ತಂಗೆವ್ವನಿಗೆ ಕೈ ಮುಗಿದ. ಆದರೆ ಬೀಗದ ಕೈ ಮಾತ್ರ ಬೇಗ ಸಿಗಲಿಲ್ಲ. ಮೊದಲು ಮ್ಯಾನೇಜರನ ಹತ್ತಿರ ಇದೆ ಎಂದ, ಆಮೇಲೆ ಮನೆಯಲ್ಲಿ ಉಳಿಯಿತು ಎಂದ. ತಂಗೆವ್ವ ಮಾತಾಡದೆ ಮುಚ್ಚಳದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಕಬ್ಬು ಇಳಿಸುತ್ತಿದ್ದವರು ಕೆಲಸ ಬಿಟ್ಟು ನೋಡತೊಡಗಿದರು. ಆಗ ಬೀಗದ ಕೈ ಅವನ ಜೇಬಿನಲ್ಲೇ ಸಿಕ್ಕಿತು.

"ಒಳಗ ಇಳೀಬ್ಯಾಡ್ರಿ ಮತ್ತ," ಎಂದ. "ಗಾಳಿ ಚಲೋ ಇಲ್ಲ."

"ಒಂದ ಕ್ಯಾನಿನ ಗಾಳಿ ಇಷ್ಟ ದಿನಾ ಇರ್ತೈತೇನ್ರಿ?" ಎಂದು ರೇಣು ಕೇಳಿದಳು. ಸಿದ್ಧಾರೂಢ ಅವಳನ್ನೇ ನೋಡಿ ಬೀಗ ತೆಗೆದ.

ಪಂಪಿನ ಕೋಣೆಯ ಗೋಡೆಗೆ ಭೀಮಶಿಯ ಬ್ಲೋವರ್ ಒರಗಿತ್ತು. ಅದರ ವೈರು ಸುತ್ತಿ, ಸುತಳಿಯಿಂದ ಬಿಗಿಯಾಗಿ ಕಟ್ಟಿತ್ತು. ಗಂಟಿನ ಮೇಲೆ ಧೂಳು ಕೂತಿತ್ತು. ಬ್ಲೋವರ್ ಹಚ್ಚಿದ್ದೆ ಎಂದು ಭೀಮಶಿ ಆಸ್ಪತ್ರೆಯಲ್ಲಿ ಹೇಳಿದ್ದು ರೇಣುವಿಗೆ ನೆನಪಾಯಿತು. ಎಚ್ಚರ ತಪ್ಪಿದವನು ಎಲ್ಲವನ್ನೂ ಸರಿಯಾಗಿ ಹೇಳುತ್ತಾನೆಯೇ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಗಂಟು ಬಿಚ್ಚಿ ಬ್ಲೋವರನ್ನು ಸಾಕಷ್ಟು ಹೊತ್ತು ಓಡಿಸಿದಳು. ದಾರಕ್ಕೆ ಕಟ್ಟಿ ಹಚ್ಚಿದ ದೀಪ ಕೆಳಗಿಳಿಸಿದಳು. ಅದು ತಳದಲ್ಲೂ ಆರದೆ ಉರಿಯುವುದನ್ನು ನೋಡಿ, ತಂಗೆವ್ವನನ್ನು ಮೇಲೇ ಕೂರಿಸಿ, ಕರ್ಪೂರ ತೆಗೆದುಕೊಂಡು ತಾನು ಇಳಿದಳು.

ಕೆಳಗೆ ತಣ್ಣಗಿತ್ತು. ಮೊಬೈಲಿನ ಬೆಳಕಿನಲ್ಲಿ ತಳದ ಗ್ರಾನೈಟ್ ಕಲ್ಲುಗಳು ಅಂಗಳ ಸಾರಿಸಿದಂತೆ ಹೊಳೆದವು. ಇಷ್ಟು ಸ್ವಚ್ಛವೇ? ತಿಕ್ಕುವ ಮೊದಲೇ ಬಾಳೇಶ ಬಿದ್ದಿದ್ದ. ಅಂದರೆ ಇದನ್ನು ಬ್ರಷ್ ಮಾಡಿದ್ದಲ್ಲ, ಆ್ಯಸಿಡ್ಡೇ ತಿಂದದ್ದು. ಅವಳು ನಾಲ್ಕೂ ಮೂಲೆ ಸುತ್ತಿ, ಉದ್ದ ಅಗಲವನ್ನು ಹೆಜ್ಜೆಯಲ್ಲಿ ಅಳೆದಳು. ಒಂದು ಮೂಲೆಯಲ್ಲಿ ಹಳೆಯ ಕಬ್ಬಿಣದ ತಗಡೊಂದು ಕಲ್ಲಿಗೆ ಅಂಟಿಕೊಂಡು ಬಿದ್ದಿತ್ತು. ಅದನ್ನು ಮೀಟಿ ಎತ್ತಿದರೆ ಕೆಳಗೆ ಆ್ಯಸಿಡ್ ಮುಟ್ಟದ ಹಕ್ಕಳಿಕೆ ಇದ್ದ ಹಾಗೇ ಇತ್ತು. ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲೆಳೆ ದಪ್ಪ. ಪೈಪಿನ ಕೆಳಗೂ ಅಷ್ಟೇ ದಪ್ಪ. ಒಂದು ತುಂಡು ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

"ಏನರ ಸಿಕ್ತೇನ್ರಿ ಅಕ್ಕೋರ?" ಮೇಲಿನಿಂದ ಸಿದ್ಧಾರೂಢನ ದನಿ ಬಂತು. ಅವನ ತಲೆ ಕಿಂಡಿಯ ಬೆಳಕನ್ನು ಮುಚ್ಚಿತ್ತು.

"ಏನಿಲ್ರಿ. ಕಾಲು ಜಾರ್ತಿತ್ತು, ಹಿಡಕೊಂಡು ನಿಂತಿದ್ದೆ."

ಕರ್ಪೂರ ಹಚ್ಚಿ ಮೇಲೆ ಬಂದಳು. ತಿರುಗಿ ಬರುವಾಗ ಬಸ್ಸಿನಲ್ಲಿ ತಂಗೆವ್ವ ಮೊದಲ ಸಲ ಬಾಯಿ ಬಿಟ್ಟಳು. "ಕಾಮಣಿ ಆಗಿ ಕಣ್ಣ ಹಳದಿ ಆದಾಗಿಂದ ಅಂವಗ ಎಣ್ಣಿ ವಾಸನಿ ಬಂದ್ರ ವಾಂತಿ ಆಗ್ತಿತ್ರಿ ಅಕ್ಕೋರ. ಅಂಥಾಂವನ ಬಾಜೂಕ ಬಾಟ್ಲಿ ಹೆಂಗ ಬಂತು? ಊರಾಗ ಎಲ್ಲಾರೂ ಕುಡದ ಸತ್ತ ಅಂತಾರ. ನನ್ನ ಮಗಳ ಮುಂದೂ ಅಂತಾರ."

ರೇಣು ಅವಳ ಕೈ ಹಿಡಿದುಕೊಂಡಳು. 

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅವಳು ಪ್ರಯೋಗಾಲಯದಲ್ಲಿ ಉಳಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಳು. ಸ್ವಂತ ಪ್ರಯೋಗಾಲಯದಲ್ಲಿ ಕಳ್ಳಿಯ ಹಾಗೆ ಯಾಕೆ ಕೂತೆ ಎಂದು ಅವಳಿಗೇ ನಗು ಬಂತು, ಆದರೂ ಚಿಲಕ ತೆಗೆಯಲಿಲ್ಲ.

ಹಕ್ಕಳಿಕೆಯನ್ನು ಪುಡಿ ಮಾಡಿ ಒಂದು ಗ್ರಾಂ ತೂಗಿದಳು. ಫ್ಲಾಸ್ಕಿಗೆ ಹಾಕಿ, ಆ್ಯಸಿಡ್ ಬಿಟ್ಟು, ಬಿರಟೆ ಬಿಗಿದಳು. ಬಿರಟೆಯಿಂದ ಹೊರಟ ನಳಿಕೆಯ ಇನ್ನೊಂದು ತುದಿ ನೀರು ತುಂಬಿ ಬೋರಲು ಹಾಕಿದ ಅಳತೆಯ ಕೊಳವೆಯೊಳಗಿತ್ತು. ಗುಳ್ಳೆಗಳು ಏರಿದಂತೆ ನೀರು ಕೆಳಗಿಳಿಯಿತು. ಈ ಅನಿಲ ನೀರಿನಲ್ಲಿ ಕರಗುವ ಜಾತಿಯದು. ಅದಕ್ಕಾಗಿ ಆ ನೀರಿಗೆ ಮೊದಲೇ ಅದೇ ಅನಿಲವನ್ನು ಸಾಕಷ್ಟು ಕುಡಿಸಿ ಇಟ್ಟಿದ್ದಳು. ಗುಳ್ಳೆ ನಿಂತಾಗ ಕೊಳವೆಯಲ್ಲಿ ಇನ್ನೂರ ಹತ್ತು ಮಿಲಿಲೀಟರು ಅನಿಲ ಇತ್ತು. ಮತ್ತೆ ಮಾಡಿದಳು. ಮತ್ತೆ ಹೆಚ್ಚು ಕಡಿಮೆ ಅಷ್ಟೇ.

ಶುದ್ಧ ಸುಣ್ಣದಕಲ್ಲಾದರೆ ಗ್ರಾಂ ಒಂದಕ್ಕೆ ಎಷ್ಟು ಬರಬೇಕು? ಇಲ್ಲಿ ಮಕ್ಕಳು ಕಣ್ಣು ಮುಚ್ಚಿ ಇಪ್ಪತ್ತೆರಡು ಪಾಯಿಂಟ್ ನಾಲ್ಕು ಲೀಟರಿನ ಲೆಕ್ಕ ಹಿಡಿಯುತ್ತಾರೆ. ಒಂದು ಮೋಲ್ ಅನಿಲಕ್ಕೆ ಅಷ್ಟು ಎಂದು ಪುಸ್ತಕದಲ್ಲಿದೆ ಎನ್ನುತ್ತಾರೆ. ಅದು ಮಂಜುಗಡ್ಡೆಯ ಚಳಿಯಲ್ಲಿ, ಸಮುದ್ರದ ದಂಡೆಯಲ್ಲಿ. ಬೈಲಹೊಂಗಲದಲ್ಲಿ ಮಂಜುಗಡ್ಡೆ ಎಲ್ಲಿದೆ, ಸಮುದ್ರ ಎಲ್ಲಿದೆ ಎಂದು ಅವಳು ಪ್ರತಿ ವರ್ಷ ಬೈಯುತ್ತಿದ್ದಳು. ಇಲ್ಲಿಯ ಸೆಕೆಗೂ ಇಲ್ಲಿಯ ಎತ್ತರಕ್ಕೂ ಅನಿಲ ಹಿಗ್ಗಿ, ಅದೇ ಒಂದು ಮೋಲ್ ಇಪ್ಪತ್ತಾರೂವರೆ ಲೀಟರಾಗುತ್ತದೆ. ಆ ಲೆಕ್ಕದಲ್ಲಿ ಹಕ್ಕಳಿಕೆಯ ಐದು ಪಾಲಿನಲ್ಲಿ ನಾಲ್ಕು ಪಾಲು ಸುಣ್ಣದಕಲ್ಲು, ಉಳಿದದ್ದು ಮಣ್ಣು.

ಆಮೇಲಿನದು ಗುಣಾಕಾರ. ತಳದ ಉದ್ದ, ಅಗಲ, ಹಕ್ಕಳಿಕೆಯ ದಪ್ಪ. ಕರಗಿ ಹೋದದ್ದು ಮುಕ್ಕಾಲು ಕ್ವಿಂಟಲಿನಷ್ಟು. ಅದರಿಂದ ಎದ್ದ ಅನಿಲ ಹದಿನಾರು ಸಾವಿರ ಲೀಟರು. ಟಾಕಿ ಹಿಡಿಯುವುದು ಎಪ್ಪತ್ತು ಸಾವಿರ. ಅಂದರೆ ಒಳಗಿನ ನೂರು ಪಾಲು ಗಾಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಾಲು ಅದೇ ಅನಿಲ. ಅಂಥ ಗಾಳಿಯಲ್ಲಿ ಕೆಲವು ಉಸಿರು ಎಳೆಯುವುದರೊಳಗೆ ಎಂಥ ಗಟ್ಟಿಮುಟ್ಟಾದವನೂ ಕುಸಿಯುತ್ತಾನೆ. ಕುಡಿದಿರಬೇಕಾಗಿಲ್ಲ.

ಹಾಗಾದರೆ ಒಂದು ಕ್ಯಾನ್? ಮೂವತ್ತೈದು ಲೀಟರಿನ ಒಂದು ಕ್ಯಾನ್ ಆ್ಯಸಿಡ್ ಎಷ್ಟು ಎಬ್ಬಿಸಬಲ್ಲದು ಎಂದು ಬೇರೆ ಲೆಕ್ಕ ಹಾಕಿದಳು. ನಾಲ್ಕು ಸಾವಿರ ಲೀಟರಿಗೆ ಸ್ವಲ್ಪ ಮೇಲೆ. ನೂರಕ್ಕೆ ಆರು ಪಾಲು. ತಲೆ ಭಾರವಾಗುತ್ತದೆ, ಎದೆ ಏದುತ್ತದೆ, ಆದರೆ ಏಣಿ ಹತ್ತಿ ಹೊರಗೆ ಬರಬಹುದು. ಅಲ್ಲಿ ಹೊಯ್ದದ್ದು ಒಂದು ಕ್ಯಾನಲ್ಲ. ನಾಲ್ಕು.

ಸಿದ್ಧಾರೂಢ ಸಿಕ್ಕಿಬಿದ್ದ ಎಂದು ರೇಣು ಎದ್ದು ನಿಂತಳು. ಹೊರಡಲು ಚೀಲ ಕೂಡ ಹೆಗಲಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ಹೋಗಿ ಚಿಲಕದ ಮೇಲೆ ಕೈಯಿಟ್ಟವಳು ಅಲ್ಲೇ ನಿಂತಳು.

ಆ್ಯಸಿಡ್ ತರುವವನು ಅಣ್ಣ. ಬೆಳಗಾವಿಯಿಂದ ತಾನೇ ತಂದು, ತನ್ನ ಕ್ಯಾನುಗಳ ಮೇಲೆ ಕೆಂಪು ಬಣ್ಣದಲ್ಲಿ 'ಭೀ' ಎಂದು ಬರೆದಿಟ್ಟುಕೊಳ್ಳುವವನು. ಬೇರೆಯವರು ಮುಟ್ಟಿದರೆ ಕೂಗಾಡುವವನು. ಒಂದು ಕ್ಯಾನ್ ಎಷ್ಟು ತಿನ್ನುತ್ತದೆ ಎಂದು ಅವನಿಗೆ ನಿದ್ದೆಗಣ್ಣಲ್ಲಿಯೂ ಗೊತ್ತು. ಏಣಿಯ ಮೇಲೆ ನಿಂತು ತಳ ನೋಡಿದವನಿಗೆ ಅದು ಬರಿದಾಗಿರುವುದು ಕಾಣಲಿಲ್ಲವೇ?

ಕಂಡಿರುತ್ತದೆ. ಕಾಣುವ ಮೊದಲೇ ಗೊತ್ತಿರುತ್ತದೆ.

ಅವಳು ತಿರುಗಿ ಬಂದು ಸ್ಟೂಲಿನ ಮೇಲೆ ಕೂತಳು. ಲೆಕ್ಕವನ್ನು ಮೊದಲಿನಿಂದ ಮಾಡಿದಳು, ಎಲ್ಲಾದರೂ ತಪ್ಪಿರಲಿ ಎಂದು. ದಪ್ಪವನ್ನು ಅರ್ಧಕ್ಕೆ ಇಳಿಸಿ ನೋಡಿದಳು. ಆಗಲೂ ಒಂದು ಕ್ಯಾನಿಗೆ ಹೊಂದಲಿಲ್ಲ.

ಮನೆಗೆ ಬಂದಾಗ ಸಂಜೆ ಬಿಸಿಲು ಇನ್ನೂ ಇತ್ತು. ತಾಯಿ ಕಾಡವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಭೀಮಶಿ ಹೊರಸಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಕೆಮ್ಮು ಕಡಿಮೆಯಾಗಿತ್ತು. ರೇಣು ನೇರವಾಗಿ ಕೇಳಲಿಲ್ಲ. ನೇರ ಕೇಳಿದರೆ ಮತ್ತೆ ಆ ಕಲಿತ ಮಾತೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಣ್ಣಾ, ನಮ್ಮ ಕಾಲೇಜಿನ ಟಾಕಿ ತೊಳಸಬೇಕಂತ. ಸಿದ್ಧಾರೂಢನ ಟಾಕಿ ಅಷ್ಟ ದೊಡ್ಡದೈತಿ. ಎಷ್ಟ ಕ್ಯಾನ್ ಬೇಕಾದೀತು?"

"ಅಷ್ಟ ದೊಡ್ಡದಕ್ಕ ಒಂದ ಕ್ಯಾನ್ ಏನ್ ಸಾಲತೈತಿ? ಒಂದ ಮೂಲಿ ಆದೀತು, ಅಷ್ಟs. ನಾಕ್ ಬೇಕು..."

ಅವನು ಅಲ್ಲಿಗೇ ನಿಲ್ಲಿಸಿದ. ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು.

"ಆ ದಿವಸ ಎಷ್ಟ್ ಹೊಯ್ದಿ?"

"ಒಂದs."

"ತಳಾ ನೋಡಿ ಬಂದೇನಿ ಅಣ್ಣಾ. ಗ್ಯಾಸ್ ಎಷ್ಟ ಎದ್ದೈತಿ ಅಂತ ಲೆಕ್ಕಾ ಮಾಡೇನಿ. ಒಂದರಾಗ ಅಷ್ಟ ಏಳೂದಿಲ್ಲ."

"ನಿನ್ನ ಲೆಕ್ಕ ಪುಸ್ತಕದಾಗ ಇಟ್ಟುಕೋ!" ಭೀಮಶಿ ಎದ್ದು ನಿಂತ. "ನೀ ನನ್ನ ತಂಗಿ ಹೌದೋ ಅಲ್ಲೋ?"

"ಬ್ಲೋವರಿನ ಗಂಟು ನಾನs ಬಿಚ್ಚೇನಿ. ಅದರ ಮ್ಯಾಲ ಧೂಳಿತ್ತು."

ಅವನು ನಿಂತಲ್ಲೇ ಕುಗ್ಗಿದ. ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಹೊರಸಿನ ಮೇಲೆ ಕೂತ. ಆಮೇಲೆ ಹೇಳಿದ. ಕಬ್ಬಿನ ಮೊದಲ ಗಾಡಿಗಳು ಆಗಲೇ ಗೇಟಿಗೆ ಬಂದು ನಿಂತಿದ್ದವು. ಸಿದ್ಧಾರೂಢ ತಲೆಯ ಮೇಲೆ ನಿಂತು, ಒಂದೊಂದೇ ಯಾಕೆ, ಒಮ್ಮೆಲೇ ಹೊಯ್ದು ಮುಗಿಸು, ಇಲ್ಲದಿದ್ದರೆ ಮುಂದಿನ ವರ್ಷ ಬೇರೆಯವರನ್ನು ಕರೆಯುತ್ತೇನೆ ಎಂದ. ನಾಲ್ಕೂ ಕ್ಯಾನ್ ಹೊಯ್ದರು. ಕರೆಂಟ್ ಹೋಗಿತ್ತು, ಬ್ಲೋವರಿಗೆ ಕಾಯಲು ಬಿಡಲಿಲ್ಲ. ಬಾಳೇಶ ಇಳಿದ. ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಭೀಮಶಿಗೆ ಎಚ್ಚರ ಬಂದಾಗ ಪಕ್ಕದಲ್ಲಿ ಸಿದ್ಧಾರೂಢನಿದ್ದ.

"ಒಂದ ಕ್ಯಾನ್ ಅನ್ನು, ಇಬ್ರೂ ಉಳೀತೇವಿ ಅಂದ. ನಾಕ್ ಅಂದ್ರ ನೀ ಮೊದಲ ಒಳಗ ಹೋಗ್ತಿ ಅಂದ. ಬಾಟ್ಲಿ ಮಾತು ನನಗ ಆಮ್ಯಾಲ ಗೊತ್ತಾತು, ರೇಣೂ. ಖರೇ ಹೇಳ್ತೇನಿ."

"ಗೊತ್ತಾದ ಮ್ಯಾಲ ಸುಮ್ಮ ಕುಂತಿ."

ಕಾಡವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಸಾಕ್ ಬಿಡವಾ. ಅಂವ ಹೊಳ್ಳಿ ಬರ್ತಾನೇನು? ಇರೂ ಒಬ್ಬ ಮಗನ್ನ ಜೇಲಿಗೆ ಹಾಕಸ್ತಿಯೇನ?"

"ಯವ್ವಾ, ಬಾಳೇಶನ ಮಗಳಿಗೆ ಊರ ಮಂದಿ ಏನಂತಾರ ಗೊತ್ತೈತೇನು?"

ಕಾಡವ್ವ ತಿರುಗಿ ಒಲೆ ಮುಂದೆ ಹೋಗಿ ಕೂತಳು. ರೇಣು ಅಣ್ಣನ ಕಡೆ ತಿರುಗಿದಳು. ಇನ್ನೊಂದು ಮಾತು ಅವಳನ್ನು ಕೊರೆಯುತ್ತಿತ್ತು. "ಎಲ್ಲಾ ಟಾಕಿಗೂ ಮೊದಲ ನೀ ಇಳಿತಿದ್ದಿ. ಆ ದಿವಸ ಬಾಳೇಶ ಯಾಕ ಇಳದ?"

"ಅಂವನs ಇಳಿತೇನಿ ಅಂದ," ಎಂದ ಭೀಮಶಿ, ಬಹಳ ಬೇಗ.

ರೇಣು ನಂಬಲಿಲ್ಲ.

ಮುಂಜಾನೆ ಎದ್ದಾಗ ಅವನ ಬೈಕ್ ಇರಲಿಲ್ಲ. ಫೋನ್ ಬಂದ್ ಆಗಿತ್ತು. ಎಲ್ಲಿ ಹೋದ ಎಂದರೆ ಕಾಡವ್ವ ಮುಖ ತಿರುಗಿಸಿದಳು. ಸಿದ್ಧಾರೂಢನಿಗೆ ಸುದ್ದಿ ಮುಟ್ಟಿಸಲು ಹೋಗಿದ್ದಾನೆ ಎಂದು ರೇಣುವಿಗೆ ಖಾತ್ರಿಯಾಯಿತು. ಟಾಕಿಯ ತಳಕ್ಕೆ ಇವತ್ತೇ ಸಿಮೆಂಟ್ ಬೀಳುತ್ತದೆ, ತಗಡು ಎಲ್ಲೋ ಮಾಯವಾಗುತ್ತದೆ, ಆಮೇಲೆ ತನ್ನ ಲೆಕ್ಕಕ್ಕೆ ಆಧಾರವೇ ಇಲ್ಲ. ಸಿಕ್ಕ ಬಸ್ಸು ಹತ್ತಿದಳು. ಎಂ.ಕೆ. ಹುಬ್ಬಳ್ಳಿ ಹತ್ತಿರ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳತೊಡಗಿತು. ಕಿಟಕಿಯಿಂದ ನೋಡಿದರೆ ಬೆಲ್ಲದ ಕಾರ್ಖಾನೆಯ ಗೇಟಿನೊಳಗೆ ಅಣ್ಣನ ಬೈಕ್ ನಿಂತಿತ್ತು. ಅವಳು ಎಣಿಸಿದ್ದು ಸುಳ್ಳಾಗಿರಲಿಲ್ಲ.

ಇಳಿದು ಒಳಗೆ ಓಡಿದಳು. ಭೀಮಶಿ ಟಾಕಿಯ ಹತ್ತಿರ ಇರಲಿಲ್ಲ. ಒಲೆಗಳ ಹಿಂದೆ ಗುಡ್ಡ ಹಾಕಿದ ಕಬ್ಬಿನ ಸಿಪ್ಪೆಯಲ್ಲಿ ಸೊಂಟದವರೆಗೆ ಇಳಿದು ಎರಡೂ ಕೈಯಿಂದ ತೋಡುತ್ತಿದ್ದ. ಪಕ್ಕದಲ್ಲಿ ಎರಡು ಖಾಲಿ ಕ್ಯಾನ್ ಬಿದ್ದಿದ್ದವು. ಅವುಗಳ ಮೇಲೆ ಕೆಂಪು 'ಭೀ'.

"ಸುಡಾಕ ಬಂದೀಯೇನು?" ಎಂದಳು ರೇಣು. 

ಅವನು ತಲೆಯೆತ್ತಿದ. ಮೈಯೆಲ್ಲ ಸಿಪ್ಪೆ, ಕಣ್ಣು ಕೆಂಪು. "ಇಲ್ಲಿ ಮುಚ್ಚಿಸಿಟ್ಟೇನಿ ಅಂತ ಸಿದ್ಧಾರೂಢನs ಹೇಳಿದ್ದ. ದಿನಾ ಸಿಪ್ಪಿ ಒಲಿಗೆ ಹೋಗ್ತೈತಿ. ಇವತ್ತ ತಗೀಲಿಲ್ಲ ಅಂದ್ರ ನಾಳಿ ಇರೂದಿಲ್ಲ." ಮತ್ತೆ ತೋಡಿ ಮೂರನೆಯದನ್ನು ಎಳೆದ. "ನಿಂತ ನೋಡಬ್ಯಾಡ, ಹಿಡಿ."

ಆಗಲೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನಾಲ್ಕನೆಯ ಕ್ಯಾನ್ ಸಿಗುವಷ್ಟರಲ್ಲಿ ಸಿದ್ಧಾರೂಢ ಬಂದ. ಇವತ್ತು ಅವನ ಬಾಯಲ್ಲಿ ತಮ್ಮ, ಅಕ್ಕೋರ ಯಾವುದೂ ಇರಲಿಲ್ಲ.

"ಏ ಭೀಮಶಿ, ನನ್ನ ಜಾಗಾದಾಗ ಬಂದು ಏನ್ ಮಾಡಾಕತ್ತಿ?"

"ನನ್ನ ಕ್ಯಾನ್ ಒಯ್ಯಾಕತ್ತೇನ್ರಿ."

"ವಿಚಾರ ಮಾಡು. ಮೊದಲ ನೀ ಒಳಗ ಹೋಗ್ತಿ."

"ಹೋಗ್ತೇನ್ರಿ."

ಸಿದ್ಧಾರೂಢ ಕ್ಯಾನಿಗೆ ಕೈ ಹಾಕಿದ. ಭೀಮಶಿ ಬಿಡಲಿಲ್ಲ. ಕಬ್ಬು ಇಳಿಸುತ್ತಿದ್ದವರಲ್ಲಿ ಆ ದಿನ ಹಗ್ಗ ಎಳೆದ ಡ್ರೈವರುಗಳೂ ಇದ್ದರು. ಒಬ್ಬ ಟ್ರ್ಯಾಕ್ಟರ್ ಇಳಿದು ಬಂದು ಸುಮ್ಮನೆ ಪಕ್ಕದಲ್ಲಿ ನಿಂತ. ಆಮೇಲೆ ಇನ್ನೊಬ್ಬ.  ಸಿದ್ಧಾರೂಢನ ಕೈ ಸಡಿಲಾಯಿತು.

ಠಾಣೆಯಲ್ಲಿ ಭೀಮಶಿ ಎಲ್ಲವನ್ನೂ ಬರೆಸಿದ. ರೇಣು ಪಿಎಸ್‌ಐಗೆ ಲೆಕ್ಕ ಬಿಡಿಸಿ ಹೇಳಿದಳು. ಅವನಿಗೆ ಮೋಲ್ ಗೀಲ್ ತಲೆಗೆ ಹೋಗಲಿಲ್ಲ, ಆದರೆ ಒಂದು ಕ್ಯಾನಿಗೆ ಇಷ್ಟು ಹಕ್ಕಳಿಕೆ ಕರಗುವುದಿಲ್ಲ ಎಂಬುದು ತಿಳಿಯಿತು. ಟಾಕಿ ಅಳೆಯಲು ಅಂದೇ ಜನ ಕಳಿಸಿದ. ತಳ ಇನ್ನೂ ಹಾಗೇ ಇತ್ತು. ತಗಡೂ ಇತ್ತು.

ಭೀಮಶಿಯನ್ನು ಕೂಡಲೇ ಒಳಗೆ ಹಾಕಲಿಲ್ಲ. ಕರೆದಾಗ ಬರಬೇಕು ಎಂದು ಕಳಿಸಿದರು. ಠಾಣೆಯಿಂದ ಹೊರಗೆ ಬಂದು ಅವನು ಬೈಕನ್ನು ಸೀದಾ ಮನೆಗೆ ಓಡಿಸುತ್ತಾನೆ ಎಂದುಕೊಂಡಿದ್ದಳು ರೇಣು. ಅವನು ಬೈಲಹೊಂಗಲ ದಾಟಿ ಚಚಡಿಯ ದಾರಿ ಹಿಡಿದ.

ಊರಿನ ಹಳೆಯ ವಾಡೆಯ ಹಿಂದಿನ ಓಣಿಯಲ್ಲಿ ತಂಗೆವ್ವನ ಮನೆ. ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಭೀಮಶಿ ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ನಾಲ್ಕು ಕ್ಯಾನಿನ ಮಾತು ಹೇಳಿದ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅವನು ದನಿ ತಗ್ಗಿಸಲಿಲ್ಲ.

ತಂಗೆವ್ವ ಮೊರ ಕೆಳಗಿಟ್ಟಳು. "ಅಂವ ಕುಡದಿದ್ನೇನು?"

"ಇಲ್ಲ ತಂಗೆವ್ವ. ಹನಿ ಮುಟ್ಟಿರಲಿಲ್ಲ."

"ಇನ್ನೊಮ್ಮೆ ಹೇಳು. ಇವರೆಲ್ಲ ಕೇಳಲಿ."

ಅವನು ಇನ್ನೊಮ್ಮೆ ಹೇಳಿದ. ತಂಗೆವ್ವ ಓಣಿಯವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು: "ಮೊದಲ ಇಳಿ ಅಂತ ಅಂವಗ ಯಾರ ಅಂದ್ರು?"



"ನಾನs," ಎಂದ ಭೀಮಶಿ. "ನನಗ ಅಂಜಿಕಿ ಬಂದಿತ್ತು. ನಾಕ್ ಕ್ಯಾನಿನ ಗಾಳಿ ಒಳಗ ಐತಿ ಅಂತ ಗೊತ್ತಿತ್ತು. ನೀ ಮುಂದ ನಡಿ, ನಾ ಹಿಂದ ಬರ್ತೇನಿ ಅಂದೆ. ಹೂಂ ಅಣ್ಣಾ ಅಂತ ಇಳದ."

 ತಂಗೆವ್ವ ಕೂಗಿದ್ದರೆ, ಹೊಡೆದಿದ್ದರೆ ರೇಣುವಿಗೆ ಸುಲಭವಾಗುತ್ತಿತ್ತು. ಅವಳು ಎದ್ದು, ಹಸನಾದ ಜೋಳವನ್ನು ಬುಟ್ಟಿಗೆ ಸುರಿದು, "ಅಕ್ಕೋರ, ನೀವು ಬರ್ತಾ ಇರ್ರಿ. ಭೀಮಶಿ, ನೀ ಮಾತ್ರ ಇನ್ನ ಈ ಕಟ್ಟಿ ತುಳೀಬ್ಯಾಡ," ಎಂದು ಒಳಗೆ ಹೋದಳು.

ಬೆಳಗಾವಿಯಿಂದ ಬಂದ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಬಾಳೇಶನ ದೇಹದಲ್ಲಿ ಮದ್ಯದ ಅಂಶವಿಲ್ಲ ಎಂದಿತ್ತು. ಸಿದ್ಧಾರೂಢನ ಮೇಲೂ ಭೀಮಶಿಯ ಮೇಲೂ ಕೇಸಾಯಿತು. ಇಬ್ಬರಿಗೂ ಜಾಮೀನು ಸಿಕ್ಕಿದೆ. ಕೋರ್ಟಿನ ತಾರೀಕು ಬಂದಾಗ ಇಬ್ಬರೂ ಒಂದೇ ವರಾಂಡದ ಎರಡು ತುದಿಯಲ್ಲಿ ನಿಲ್ಲುತ್ತಾರೆ. ಬಾಟಲಿ ಯಾರು ಇಟ್ಟರು ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಸಿದ್ಧಾರೂಢ ಗೊತ್ತಿಲ್ಲ ಎನ್ನುತ್ತಾನೆ, ಮ್ಯಾನೇಜರ್ ಊರು ಬಿಟ್ಟಿದ್ದಾನೆ.

ಕಾಡವ್ವ ಮಗಳ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಭೀಮಶಿ ಟಾಕಿಯ ಕೆಲಸ ಬಿಟ್ಟು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಚೀಲ ಹೊರಲು ಹೋಗುತ್ತಾನೆ. ರೇಣು ತಿಂಗಳಿಗೊಮ್ಮೆ ಚಚಡಿಗೆ ಹೋಗಿ ತಂಗೆವ್ವನ ಮಗಳಿಗೆ ಗಣಿತ ಹೇಳಿಕೊಟ್ಟು ಬರುತ್ತಾಳೆ. ಅಣ್ಣನ ವಿಷಯ ಅಲ್ಲಿ ಯಾರೂ ತೆಗೆಯುವುದಿಲ್ಲ. ಮನೆಗೆ ಬಂದಾಗ ಭೀಮಶಿ ಬಾಗಿಲಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಾನೆ, ಅಲ್ಲಿಂದ ಏನಾದರೂ ಮಾತು ಬಂತೇನೋ ಎಂದು. ಅವಳು ಚಪ್ಪಲಿ ಬಿಟ್ಟು, ಇಲ್ಲ ಎಂದು ತಲೆಯಾಡಿಸಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋಗುತ್ತಾಳೆ.